ನಾಲ್ಕು ವಾರಗಳ ಉಪಾಧ್ಯಾಯ: ಹೊರನಾಡುಗಳಲ್ಲಿ ವಯಸ್ಕರಿಗೆ ಇಂಗ್ಲಿಷ್ ಕಲಿಸುವವರ ತರಬೇತಿಯ ಚರಿತ್ರೆ

೧. ಪೀಠಿಕೆ

ಉಪಾಧ್ಯಾಯನಾಗಲು ಎಷ್ಟು ಕಾಲದ ತರಬೇತಿ ಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಮ್ಮ ದೇಶದಲ್ಲಿ ಪ್ರೌಢಶಾಲೆಯ ಉಪಾಧ್ಯಾಯನಿಗೆ ಬೇಕಾದ ಬಿ.ಎಡ್. ಶಿಕ್ಷಣವು ಬಹುಕಾಲ ಒಂದು ವರ್ಷದ್ದಾಗಿದ್ದು, ೨೦೧೫ರಿಂದ ಎರಡು ವರ್ಷಗಳದಾಯಿತು. ಕಾಲೇಜಿನ ಅಧ್ಯಾಪಕನ ವಿಷಯ ಬೇರೆ. ಸ್ನಾತಕೋತ್ತರ ಪದವಿಯನ್ನೂ ಅರ್ಹತಾ ಪರೀಕ್ಷೆಯನ್ನೂ ಮುಗಿಸಿದವನು ಬೋಧನೆಯ ಕಲೆಯಲ್ಲಿ ಯಾವ ಶಿಕ್ಷಣವನ್ನೂ ಪಡೆಯದೆಯೇ ತರಗತಿಯನ್ನು ಪ್ರವೇಶಿಸಬಹುದು. ಇವೆರಡಕ್ಕೂ ಹೊರತಾದ ಮೂರನೆಯ ಏರ್ಪಾಟೊಂದು ಕಳೆದ ಆರು ದಶಕಗಳಲ್ಲಿ ಜಗತ್ತಿನಾದ್ಯಂತ ಹರಡಿದೆ. ಸ್ಪೇನ್, ತುರ್ಕಿ, ಜಪಾನ್ ಮೊದಲಾದ ದೇಶಗಳಿಗೆ ಹೋಗಿ ಅಲ್ಲಿನ ವಯಸ್ಕರಿಗೆ ಇಂಗ್ಲಿಷ್ ಕಲಿಸಬಯಸುವವನು ನಾಲ್ಕು ವಾರಗಳ ಶಿಕ್ಷಣವನ್ನು ಪಡೆದು, ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ಹೊರಡುತ್ತಾನೆ. ಬೇರಾವ ವಿಷಯದ ಬೋಧನೆಯಲ್ಲಿಯೂ ಇಷ್ಟು ಸ್ವಲ್ಪಕಾಲದ ತರಬೇತಿಗೆ ಇಷ್ಟು ವಿಸ್ತಾರವಾದ ಮನ್ನಣೆ ದೊರೆತಂತೆ ಕಾಣುವುದಿಲ್ಲ.

ಈ ನಾಲ್ಕು ವಾರಗಳು ಎಲ್ಲಿಂದ ಬಂದವು? ಅವುಗಳಲ್ಲಿ ಯಾವುದು ವಿಚಾರದಿಂದ ಹುಟ್ಟಿದ್ದು, ಯಾವುದು ಸಂದರ್ಭದ ಒತ್ತಡದಿಂದ ಹುಟ್ಟಿದ್ದು? ಈ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಕೇವಲ ಇಂಗ್ಲಿಷ್ ವಿಭಾಗದವರಿಗೆ ಸಂಬಂಧಿಸಿದ ಪ್ರಶ್ನೆಯೆಂದು ಭಾವಿಸುವುದು ಸರಿಯಾಗಲಾರದು. ತಾತ್ಕಾಲಿಕ ಅನಿವಾರ್ಯತೆಯೊಂದು ಕ್ರಮೇಣ ಶಾಸ್ತ್ರದ ರೂಪವನ್ನು ತಾಳುವುದು ಚರಿತ್ರೆಯಲ್ಲಿ ಪದೇ ಪದೇ ಕಂಡುಬರುವ ಸಂಗತಿ. ಅದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಅಪರೂಪ.

೨. ಪೂರ್ವೇತಿಹಾಸ

ವಯಸ್ಕ ಪರಭಾಷಿಕರಿಗೆ ಇಂಗ್ಲಿಷ್ ಕಲಿಸುವ ಕೆಲಸ ಹೊಸದಲ್ಲ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಮತೀಯ ಹಿಂಸೆಗೆ ಅಂಜಿ ಫ್ರಾನ್ಸಿನಿಂದ ಇಂಗ್ಲೆಂಡಿಗೆ ಓಡಿಬಂದ ಪ್ರಾಟೆಸ್ಟಂಟರು ಅಲ್ಲಿ ಜೀವನೋಪಾಯಕ್ಕಾಗಿ ಆ ನಾಡಿನ ಭಾಷೆಯನ್ನು ಕಲಿಯಬೇಕಾಯಿತು. ಇವರಿಗಾಗಿ ಝಾಕ್ ಬೆಲ್ಲೋ ಎಂಬವನು ೧೫೮೦ರಲ್ಲಿ ಒಂದು ಇಂಗ್ಲಿಷ್ ಪಠ್ಯವನ್ನೂ ೧೫೮೬ರಲ್ಲಿ ದೈನಂದಿನ ಸಂಭಾಷಣೆಗಳ ಪುಸ್ತಕವೊಂದನ್ನೂ ಪ್ರಕಟಿಸಿದನು. ಬೆಲ್ಲೋ ಸ್ವತಃ ಫ್ರೆಂಚನು. ಇಂಗ್ಲಿಷ್ ಅವನಿಗೂ ಕಲಿತು ಬಂದ ಭಾಷೆ. ಕಲಿಯುವವರ ಕಷ್ಟಗಳನ್ನು ಅವನು ಬಲ್ಲವನಾಗಿದ್ದನು. ಪುಸ್ತಕವನ್ನು ಬರೆಯುವ ಅಧಿಕಾರವನ್ನು ಅವನಿಗೆ ತಂದುಕೊಟ್ಟದ್ದು ಅದೇ. ಪರಭಾಷಿಕರಿಗೆ ಇಂಗ್ಲಿಷ್ ಕಲಿಸುವ ಪಠ್ಯಗಳ ಪರಂಪರೆ ಪರಭಾಷಿಕನೊಬ್ಬನ ಕೈಯಿಂದ ಮೊದಲ್ಗೊಂಡಿತೆಂಬ ಅಂಶವನ್ನು ನಾವು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡಬೇಕು.

ಇದಕ್ಕೆ ಪ್ರತಿಬಿಂಬದಂತಿರುವ ಇನ್ನೊಂದು ಪ್ರಸಂಗ ನಮ್ಮ ದಕ್ಷಿಣ ಭಾರತದ್ದೇ. ಎಫ್. ಡಬ್ಲ್ಯು. ಎಲ್ಲಿಸ್ ಅವರ ಪ್ರೇರಣೆಯಿಂದ ೧೮೧೨ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕಿರಿಯ ಅಧಿಕಾರಿಗಳು ದೇಶಭಾಷೆಗಳನ್ನು ಕಲಿಯುತ್ತಿದ್ದರು. ಜಾನ್ ಮೆಕ್‌ಕೆರೆಲ್ಲನ ಕನ್ನಡ ವ್ಯಾಕರಣ ೧೮೨೦ರಲ್ಲಿ ಪ್ರಕಟವಾದುದು ಈ ವಾತಾವರಣದಲ್ಲಿಯೇ. ಇಲ್ಲಿ ಶಿಷ್ಯರು ವಯಸ್ಕರು, ಪರದೇಶದವರು. ಬೋಧಕರು ದೇಶೀಯರಾದ ಮುನ್ಷಿಗಳು ಮತ್ತು ಪಂಡಿತರು. ಆದರೆ ಭಾಷೆ ತಾಯ್ನುಡಿಯೆಂಬ ಒಂದೇ ಕಾರಣದಿಂದ ಮುನ್ಷಿಯನ್ನು ಉತ್ತಮ ಬೋಧಕನೆಂದು ಕಂಪೆನಿಯ ಸರ್ಕಾರ ಒಪ್ಪಿಕೊಳ್ಳಲಿಲ್ಲ. ಅವನಿಗೂ ಶಿಕ್ಷಣ ಬೇಕು, ಅವನನ್ನೂ ಪರೀಕ್ಷಿಸಬೇಕು ಎಂದು ಭಾವಿಸಲಾಯಿತು. ಕಾಲೇಜಿನಲ್ಲಿಯೇ ದೇಶೀಯ ಬೋಧಕರನ್ನು ಸಿದ್ಧಪಡಿಸುವ ಏರ್ಪಾಡಾಯಿತು. ತಾಯ್ನುಡಿಯವನೇ ಶ್ರೇಷ್ಠ ಬೋಧಕನೆಂಬ ತತ್ತ್ವ ಸಾರ್ವಕಾಲಿಕವಾದುದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅದು ಯಾವ ಭಾಷೆಯ ವಿಷಯದಲ್ಲಿ, ಯಾರ ಬಾಯಿಂದ ಬರುತ್ತದೆಂಬುದನ್ನು ಅವಲಂಬಿಸಿದೆ.

೩. ಬರ್ಲಿಟ್ಜ್ ಶಾಲೆಗಳು

ಆಧುನಿಕ ಕಾಲದ ಪ್ರಾರಂಭವನ್ನು ೧೮೭೮ ಎಂದು ಇಟ್ಟುಕೊಳ್ಳಬಹುದು. ಆ ವರ್ಷ ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಬಂದಿದ್ದ ಮ್ಯಾಕ್ಸಿಮಿಲಿಯನ್ ಬರ್ಲಿಟ್ಜ್ ರೋಡ್ ಐಲೆಂಡ್ ಸಂಸ್ಥಾನದ ಪ್ರಾವಿಡೆನ್ಸ್ ನಗರದಲ್ಲಿ ಭಾಷಾಶಾಲೆಯೊಂದನ್ನು ತೆರೆದನು. ಅವನ ಪದ್ಧತಿಯ ಹುಟ್ಟಿನ ಬಗ್ಗೆ ಆ ಸಂಸ್ಥೆಯವರು ಹೇಳಿಕೊಂಡು ಬಂದಿರುವ ಕಥೆಯೊಂದಿದೆ. ಸಹಾಯಕನನ್ನಾಗಿ ನೇಮಿಸಿಕೊಂಡ ಝೋಲಿ ಎಂಬ ಫ್ರೆಂಚನಿಗೆ ಇಂಗ್ಲಿಷ್ ಬಾರದು ಎಂದು ತಿಳಿದಾಗ ಬರ್ಲಿಟ್ಜ್ ಕಾಯಿಲೆಯಿಂದ ಮಲಗಿದ್ದನಂತೆ. ಬೇರೆ ದಾರಿಯಿಲ್ಲದೆ, ವಸ್ತುಗಳನ್ನು ತೋರಿಸಿ ಹೆಸರು ಹೇಳಬೇಕೆಂದೂ ಕ್ರಿಯೆಗಳನ್ನು ಅಭಿನಯಿಸಬೇಕೆಂದೂ ಅವನಿಗೆ ಸೂಚಿಸಿದನಂತೆ. ಕೆಲವು ವಾರಗಳ ನಂತರ ಎದ್ದು ಬಂದು ನೋಡಿದರೆ ವಿದ್ಯಾರ್ಥಿಗಳು ಉತ್ಸಾಹದಿಂದ ಫ್ರೆಂಚಿನಲ್ಲಿಯೇ ಮಾತನಾಡುತ್ತಿದ್ದರಂತೆ. ಕಥೆ ಎಷ್ಟರಮಟ್ಟಿಗೆ ನಿಜವೋ, ಅದರ ಅರ್ಥ ಮಾತ್ರ ಗಮನಾರ್ಹ: ಶಿಷ್ಯರ ಭಾಷೆಯನ್ನರಿಯದ ಬೋಧಕನ ಕೊರತೆಯೇ ಇಲ್ಲಿ ಪದ್ಧತಿಯ ಗುಣವಾಗಿ ಮಾರ್ಪಟ್ಟಿದೆ.

ಬರ್ಲಿಟ್ಜ್ ಶಾಲೆಗಳ ನಿಯಮಗಳು ಎರಡು: ಬೋಧಕನು ತಾನು ಕಲಿಸುವ ಭಾಷೆಯನ್ನು ತಾಯ್ನುಡಿಯಾಗಿ ಉಳ್ಳವನಾಗಿರಬೇಕು, ತರಗತಿಯಲ್ಲಿ ಅನುವಾದ ಸಲ್ಲದು. ಪಾಠಗಳ ಕ್ರಮವೆಲ್ಲವೂ ಸಂಸ್ಥೆಯ ಪುಸ್ತಕದಲ್ಲಿ ಅಚ್ಚಾಗಿರುತ್ತಿದ್ದುದರಿಂದ ಬೋಧಕನು ಸ್ವಂತವಾಗಿ ಯೋಚಿಸಬೇಕಾದುದು ಸ್ವಲ್ಪ. ಯುರೋಪು ಅಮೆರಿಕಗಳ ಅನೇಕ ನಗರಗಳಲ್ಲಿ ಶಾಖೆಗಳು ಹರಡಿದಂತೆ ಈ ಏರ್ಪಾಟಿನ ವ್ಯಾಪಾರೀ ಅನುಕೂಲವೂ ವ್ಯಕ್ತವಾಯಿತು. ಒಂದು ನಗರದ ಬೋಧಕನನ್ನು ಇನ್ನೊಂದು ನಗರಕ್ಕೆ ಮರುದಿನವೇ ಕಳುಹಿಸಬಹುದು. ಅವನಿಗೆ ಆ ಊರಿನ ಭಾಷೆ ಬೇಕಿಲ್ಲ. ಐರಿಷ್ ಲೇಖಕ ಜೇಮ್ಸ್ ಜಾಯ್ಸ್ ೧೯೦೪ರಲ್ಲಿ ಬರ್ಲಿಟ್ಜ್ ಶಾಲೆಯ ಕೆಲಸವನ್ನು ಅರಸಿ ಜ್ಯೂರಿಕ್ಕಿಗೆ ಹೋಗಿ, ಅಲ್ಲಿ ಸ್ಥಾನವಿಲ್ಲವೆಂದು ತಿಳಿದು, ಟ್ರಿಯೆಸ್ಟಿಗೆ ಹೋಗಿ, ಕೊನೆಗೆ ಪೋಲಾ ನಗರದಲ್ಲಿ ನೌಕಾದಳದ ಅಧಿಕಾರಿಗಳಿಗೆ ಪಾಠ ಹೇಳಿ, ೧೯೦೫ರಲ್ಲಿ ಟ್ರಿಯೆಸ್ಟಿಗೆ ಮರಳಿದನು. ಕವಿ ವಿಲ್‌ಫ್ರೆಡ್ ಓವೆನ್ ೧೯೧೩ರಲ್ಲಿ ಬೋರ್ಡೋ ನಗರದ ಶಾಖೆಯಲ್ಲಿ ಇದೇ ಉದ್ಯೋಗಕ್ಕೆ ಸೇರಿದನು. ವಿದ್ಯಾವಂತನಾದ ಬಡ ತರುಣನು ಇಂಗ್ಲಿಷ್ ತನ್ನ ಭಾಷೆಯೆಂಬ ಒಂದೇ ಬಂಡವಾಳದಿಂದ ಪರದೇಶದಲ್ಲಿ ಹೊಟ್ಟೆ ಹೊರೆಯುವ ಮಾದರಿ ಇಲ್ಲಿಗೆ ರೂಢವಾಯಿತು. ತರಬೇತಿಯ ಮಾತು ಇನ್ನೂ ಹುಟ್ಟಿರಲಿಲ್ಲ.

೪. ಪಾಮರ್, ವೆಸ್ಟ್, ಹಾರ್ನ್‌ಬಿ

ಇಂಥದೇ ಒಂದು ಬರ್ಲಿಟ್ಜ್ ಶಾಲೆಯಿಂದ ಹೊರಟು ಈ ಉದ್ಯೋಗವನ್ನು ಶಾಸ್ತ್ರವಾಗಿ ಬೆಳೆಸಿದವನು ಹೆರಾಲ್ಡ್ ಪಾಮರ್ (೧೮೭೭–೧೯೪೯). ೧೯೦೨ರಲ್ಲಿ ಬೆಲ್ಜಿಯಮ್ಮಿನ ವೆರ್ವಿಯೆ ನಗರದಲ್ಲಿ ಬರ್ಲಿಟ್ಜ್ ಬೋಧಕನಾಗಿ ಸೇರಿದ ಪಾಮರ್ ಸ್ವಲ್ಪಕಾಲದಲ್ಲಿಯೇ ತನ್ನದೇ ಶಾಲೆಯನ್ನು ತೆರೆದನು. ೧೯೧೪ರಲ್ಲಿ ಯುದ್ಧ ಪ್ರಾರಂಭವಾದಾಗ ಇಂಗ್ಲೆಂಡಿಗೆ ಓಡಿಬಂದು, ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಭಾಷಾಬೋಧನೆಯ ಕುರಿತು ಉಪನ್ಯಾಸಗಳನ್ನು ಕೊಟ್ಟನು. ೧೯೧೭ರಲ್ಲಿ ಅವನು ಪ್ರಕಟಿಸಿದ ಭಾಷಾಬೋಧನೆಯ ವೈಜ್ಞಾನಿಕ ಅಧ್ಯಯನದಲ್ಲಿ ಒಂದು ಮುಖ್ಯ ಅಂಶವಿದೆ. ಪದದ ಅರ್ಥವನ್ನು ತಿಳಿಸುವ ಮಾರ್ಗಗಳಲ್ಲಿ ವಸ್ತುವನ್ನು ತೋರಿಸುವುದು, ವಿವರಿಸುವುದು, ಸಂದರ್ಭದಿಂದ ಊಹಿಸುವಂತೆ ಮಾಡುವುದು, ಇವುಗಳೊಡನೆ ಅನುವಾದವನ್ನೂ ಪಾಮರ್ ಸೇರಿಸುತ್ತಾನೆ. ಅನುವಾದವನ್ನು ಸರ್ವಥಾ ಬಹಿಷ್ಕರಿಸುವ ಮತವನ್ನು ಒಪ್ಪುವುದಿಲ್ಲ. ಬರ್ಲಿಟ್ಜ್ ನಿಯಮವನ್ನು ಒಳಗಿನಿಂದ ಬಲ್ಲವನೇ ಅದನ್ನು ಸಡಿಲಿಸಿದನೆಂಬುದು ಗಮನಾರ್ಹ.

೧೯೨೨ರಲ್ಲಿ ಪಾಮರ್ ಜಪಾನಿನ ಶಿಕ್ಷಣ ಇಲಾಖೆಗೆ ಸಲಹೆಗಾರನಾಗಿ ಹೋಗಿ, ೧೯೨೩ರಲ್ಲಿ ಟೋಕಿಯೋದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿ, ೧೯೩೬ರವರೆಗೆ ಅದನ್ನು ನಡೆಸಿದನು. ವಾರ್ಷಿಕ ಸಮ್ಮೇಳನಗಳ ಮೂಲಕವೂ ಸಂಸ್ಥೆಯ ಪತ್ರಿಕೆಯ ಮೂಲಕವೂ ಜಪಾನೀ ಉಪಾಧ್ಯಾಯರು ತಮ್ಮ ತರಗತಿಗಳ ಅನುಭವವನ್ನು ಚರ್ಚಿಸತೊಡಗಿದರು. ಇಲ್ಲಿ ತರಬೇತಿ ಪಡೆಯುತ್ತಿದ್ದವರು ಆ ನಾಡಿನವರೇ ಆದ ಉಪಾಧ್ಯಾಯರು ಎಂಬುದು ಬರ್ಲಿಟ್ಜ್ ಮಾದರಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ.

ಇದೇ ಕಾಲದಲ್ಲಿ ಅವಿಭಕ್ತ ಬಂಗಾಳದಲ್ಲಿ ಮೈಕೇಲ್ ವೆಸ್ಟ್ ಕೆಲಸ ಮಾಡುತ್ತಿದ್ದನು. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ವೆಸ್ಟ್ ೧೯೨೬ರಲ್ಲಿ ಬಂಗಾಳದ ದ್ವಿಭಾಷಿಕ ಸ್ಥಿತಿಯ ಮೇಲೆ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪ್ರಯೋಜನಕಾರಿಯಾದ ಕಲ್ಪನೆಯನ್ನು ಮುಂದಿಟ್ಟನು. ಜೀವವಿಮೆಯ ಕಂತುಗಳನ್ನು ನಡುವೆಯೇ ನಿಲ್ಲಿಸಿದವನಿಗೂ ವಿಮಾ ಕಂಪೆನಿ ಒಂದಿಷ್ಟು ಹಣವನ್ನು ಹಿಂದಿರುಗಿಸುತ್ತದೆ. ಹಾಗೆಯೇ ವಿದ್ಯೆಯನ್ನು ಅರ್ಧಕ್ಕೆ ಬಿಟ್ಟವನ ಕೈಯಲ್ಲಿ ಏನು ಉಳಿಯುತ್ತದೆಂಬುದನ್ನು ಪ್ರತಿ ಹಂತದಲ್ಲಿಯೂ ಕೇಳಬೇಕೆಂದು ವೆಸ್ಟನ ವಾದ. ಹೆಚ್ಚು ಮಂದಿ ಬಂಗಾಳಿ ಬಾಲಕರು ಶಾಲೆಯನ್ನು ಬೇಗ ಬಿಡುತ್ತಿದ್ದುದರಿಂದ ಅವರಿಗೆ ಮೊದಲು ಓದುವ ಶಕ್ತಿಯನ್ನು ಕೊಡಬೇಕೆಂದು ಅವನು ನಿರ್ಣಯಿಸಿದನು. ಅವನ ನಿರ್ಣಯವನ್ನು ಒಪ್ಪದವರೂ ಅವನ ಪ್ರಶ್ನೆಯನ್ನು ತಳ್ಳಿಹಾಕಲಾರರು. ಯಾವಾಗ ಬೇಕಾದರೂ ಬಿಟ್ಟುಹೋಗಬಹುದಾದ ವಯಸ್ಕ ವಿದ್ಯಾರ್ಥಿಯ ವಿಷಯದಲ್ಲಂತೂ ಆ ಪ್ರಶ್ನೆ ಇನ್ನೂ ತೀಕ್ಷ್ಣವಾದುದು.

ಈ ಪರಂಪರೆಯ ಮೂರನೆಯ ಪ್ರಮುಖನು ಎ. ಎಸ್. ಹಾರ್ನ್‌ಬಿ. ೧೯೨೪ರಲ್ಲಿ ಜಪಾನಿಗೆ ಹೋಗಿ, ಪಾಮರನ ಸಹಕಾರಿಯಾಗಿ, ಕಲಿಯುವವರಿಗೆಂದೇ ರಚಿಸಿದ ಅವನ ನಿಘಂಟು ೧೯೪೨ರಲ್ಲಿ ಟೋಕಿಯೋದಲ್ಲಿ ಅಚ್ಚಾಗಿ, ೧೯೪೮ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ಪುನಃ ಪ್ರಕಟವಾಯಿತು. ಬ್ರಿಟಿಷ್ ಕೌನ್ಸಿಲ್ ೧೯೪೬ರಲ್ಲಿ ಹೊರಡಿಸಿದ ಇಂಗ್ಲಿಷ್ ಬೋಧನೆಯ ಪತ್ರಿಕೆಗೆ ಅವನೇ ಮೊದಲ ಸಂಪಾದಕ. ಲಂಡನ್ನಿನ ಶಿಕ್ಷಣ ಸಂಸ್ಥೆಯಲ್ಲಿ ೧೯೪೮ರಲ್ಲಿ ಬ್ರೂಸ್ ಪ್ಯಾಟಿಸನ್ ಈ ವಿಷಯದ ಪ್ರಾಧ್ಯಾಪಕನಾದನು. ೧೯೫೭ರಲ್ಲಿ ಎಡಿನ್‌ಬರೋದಲ್ಲಿ ಅನ್ವಯಿಕ ಭಾಷಾಶಾಸ್ತ್ರದ ಶಾಲೆ ಪ್ರಾರಂಭವಾಯಿತು. ಅಮೆರಿಕದಲ್ಲಿ ಚಾರ್ಲ್ಸ್ ಫ್ರೀಸ್ ೧೯೪೧ರಲ್ಲಿಯೇ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಭಾಷಾ ಸಂಸ್ಥೆಯನ್ನು ಸ್ಥಾಪಿಸಿದ್ದನು. ಹೀಗೆ ಶತಮಾನದ ನಡುಗಾಲಕ್ಕೆ ವಿಶ್ವವಿದ್ಯಾನಿಲಯಗಳಲ್ಲಿ ಗಂಭೀರವಾದ, ದೀರ್ಘಕಾಲದ ಅಧ್ಯಯನ ನೆಲೆಗೊಂಡಿತು. ಆದರೆ ಅದರ ಲಾಭ ದೊರೆತದ್ದು ಬಹುಮಟ್ಟಿಗೆ ಸರ್ಕಾರಗಳ ಸೇವೆಯಲ್ಲಿದ್ದವರಿಗೆ, ಶಾಲಾ ಉಪಾಧ್ಯಾಯರಿಗೆ ಮತ್ತು ಅವರ ಮೇಲಧಿಕಾರಿಗಳಿಗೆ. ಊರೂರಿನ ಖಾಸಗಿ ಶಾಲೆಗಳಲ್ಲಿ ಸಂಜೆಯ ಹೊತ್ತು ಗುಮಾಸ್ತರಿಗೂ ವ್ಯಾಪಾರಿಗಳಿಗೂ ಪಾಠ ಹೇಳುತ್ತಿದ್ದ ತರುಣನ ಬಳಿಗೆ ಅದು ತಲಪಲಿಲ್ಲ.

೫. ಕಾರ್ಡೋವಾದಿಂದ ಲಂಡನ್ನಿಗೆ

ಈ ತೆರವನ್ನು ತುಂಬಿದವರು ಜಾನ್ ಹೇಕ್ರಾಫ್ಟ್ (೧೯೨೬–೧೯೯೬) ಮತ್ತು ಅವರ ಪತ್ನಿ, ಸ್ವೀಡನ್ ಮೂಲದ ಬ್ರಿಟಾ ಹೇಕ್ರಾಫ್ಟ್. ಭಾರತದಲ್ಲಿ ಸೇನಾಧಿಕಾರಿಯೊಬ್ಬರ ಮಗನಾಗಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿದ ಹೇಕ್ರಾಫ್ಟ್ ೧೯೫೩ರಲ್ಲಿ ದಕ್ಷಿಣ ಸ್ಪೇನಿನ ಕಾರ್ಡೋವಾದಲ್ಲಿ ಶಾಲೆಯೊಂದನ್ನು ತೆರೆದರು. ಆ ಕಾಲದ ಸ್ಪೇನ್ ಫ್ರಾಂಕೋನ ಆಡಳಿತದಲ್ಲಿ ಬಹುಕಾಲ ಏಕಾಂಗಿಯಾಗಿದ್ದು ಆಗತಾನೆ ಹೊರಜಗತ್ತಿಗೆ ಬಾಗಿಲು ತೆರೆಯುತ್ತಿತ್ತು; ಇಂಗ್ಲಿಷಿನ ಬೇಡಿಕೆ ಹೆಚ್ಚುತ್ತಿತ್ತು. ಶಾಲೆ ಬೆಳೆಯಿತು, ಬೋಧಕರು ಬೇಕಾದರು. ಇಂಗ್ಲೆಂಡಿನಿಂದ ಬಂದವರು ವಿದ್ಯಾವಂತರೇ ಆಗಿದ್ದರೂ ಕಲಿಸುವ ಬಗೆಯನ್ನರಿತವರಾಗಿರಲಿಲ್ಲ. ೧೯೫೯ರಲ್ಲಿ ಹೇಕ್ರಾಫ್ಟ್ ದಂಪತಿಗಳು ಲಂಡನ್ನಿನಲ್ಲಿ ಶಾಲೆಯನ್ನು ಸ್ಥಾಪಿಸಿದರು; ಮುಂದೆ ಇಂಟರ್‌ನ್ಯಾಷನಲ್ ಹೌಸ್ ಎಂದು ಹೆಸರಾದುದು ಇದೇ. ೧೯೬೨ರಲ್ಲಿ ಅಲ್ಲಿ ಬೋಧಕರಿಗಾಗಿ ಮೊದಲ ತರಬೇತಿ ನಡೆಯಿತು. ಅದರ ಅವಧಿ ಎರಡು ವಾರ. ಅದು ನಾಲ್ಕು ವಾರಗಳಿಗೆ ವಿಸ್ತರಿಸಿದ್ದು ಅನಂತರ.

ಎರಡು ವಾರಗಳ ಅವಧಿ ಯಾವ ಶಿಕ್ಷಣಶಾಸ್ತ್ರದ ಸಿದ್ಧಾಂತದಿಂದಲೂ ಬಂದುದಲ್ಲ. ವಿಶ್ವವಿದ್ಯಾನಿಲಯದ ಒಂದು ವರ್ಷದ ಶಿಕ್ಷಣಕ್ಕೆ ಹಣವಾಗಲಿ ಬಿಡುವಾಗಲಿ ಇಲ್ಲದ ತರುಣನು ತನ್ನ ಸ್ವಂತ ಖರ್ಚಿನಲ್ಲಿ ಎಷ್ಟು ದಿನ ಕೂರಬಲ್ಲನು, ಹೊರದೇಶದ ಶಾಲೆ ಎಷ್ಟು ದಿನ ಕಾಯಬಲ್ಲುದು ಎಂಬ ವ್ಯಾವಹಾರಿಕ ಲೆಕ್ಕಕ್ಕೆ ಅದು ಹೊಂದಿಕೊಂಡಿತ್ತು. ಆದರೆ ಅವಧಿಯ ಸಂಕೋಚವೇ ಒಂದು ಸದ್ಗುಣಕ್ಕೆ ಕಾರಣವಾಯಿತು. ಭಾಷಣಗಳಿಗೆ ಕಾಲವಿಲ್ಲದುದರಿಂದ ತರಬೇತಿಯ ಹೃದಯಭಾಗವನ್ನು ಪ್ರತ್ಯಕ್ಷ ಪಾಠಕ್ಕೆ ಮೀಸಲಿಡಬೇಕಾಯಿತು. ಅಭ್ಯರ್ಥಿಯು ಮೊದಲ ದಿನಗಳಲ್ಲಿಯೇ ನಿಜವಾದ ವಿದ್ಯಾರ್ಥಿಗಳೆದುರು ನಿಂತು ಪಾಠ ಮಾಡಬೇಕು. ಜೊತೆಯ ಅಭ್ಯರ್ಥಿಗಳೂ ಶಿಕ್ಷಕರೂ ಹಿಂದೆ ಕುಳಿತು ನೋಡಬೇಕು. ಪಾಠ ಮುಗಿದೊಡನೆ ಎಲ್ಲರೂ ಸೇರಿ ಅದರ ಗುಣದೋಷಗಳನ್ನು ವಿವೇಚಿಸಬೇಕು. ಇಂಥ ತರಬೇತಿಗಳಲ್ಲಿ ರೂಢಿಗೆ ಬಂದ ಇನ್ನೊಂದು ಪ್ರಯೋಗವೂ ಉಲ್ಲೇಖಾರ್ಹ. ಪ್ರಾರಂಭದಲ್ಲಿ ಅಭ್ಯರ್ಥಿಗಳಿಗೆ ಅವರು ಕೇಳಿಯೂ ಅರಿಯದ ಭಾಷೆಯೊಂದರಲ್ಲಿ ಪಾಠ ಹೇಳಲಾಗುತ್ತದೆ. ಪದವೀಧರರಾದ ಅವರು ಒಂದು ಗಂಟೆಯ ಕಾಲ ಅಕ್ಷರ ಬಾರದವರಂತೆ ತಡವರಿಸುತ್ತಾರೆ. ವಯಸ್ಕ ವಿದ್ಯಾರ್ಥಿಯ ಮುಜುಗರವೇನೆಂಬುದನ್ನು ಹತ್ತು ಉಪನ್ಯಾಸಗಳಿಗಿಂತ ಈ ಒಂದು ಗಂಟೆ ಚೆನ್ನಾಗಿ ಮನಗಾಣಿಸುತ್ತದೆ.

ವಯಸ್ಕರ ಬೋಧನೆಯಲ್ಲಿ ಈ ಅರಿವು ಏಕೆ ಅವಶ್ಯವೆಂಬುದನ್ನು ಸ್ವಲ್ಪ ವಿವರಿಸಬೇಕು. ಶಾಲೆಯ ಬಾಲಕನು ಪಾಠ ಹಿಡಿಸದಿದ್ದರೂ ಕುಳಿತಿರುತ್ತಾನೆ. ವಯಸ್ಕನು ತನ್ನ ಸಂಪಾದನೆಯಿಂದ ಶುಲ್ಕವನ್ನು ತೆತ್ತು, ದಿನದ ದುಡಿಮೆ ಮುಗಿಸಿ ಬಂದವನು. ತನ್ನ ಉದ್ಯೋಗದಲ್ಲಿ ಗೌರವವುಳ್ಳವನು. ತರಗತಿಯಲ್ಲಿ ಮಾತ್ರ ಮಗುವಿನಂತೆ ತೊದಲಬೇಕಾದವನು. ಪಾಠ ವ್ಯರ್ಥವೆನಿಸಿದರೆ ಮುಂದಿನ ವಾರ ಅವನು ಬರುವುದಿಲ್ಲ. ಆದುದರಿಂದ ಖಾಸಗಿ ಶಾಲೆಯಲ್ಲಿ ಬೋಧನೆಯ ಪರೀಕ್ಷೆ ಪ್ರತಿ ವಾರವೂ ಹಾಜರಿಯ ಪುಸ್ತಕದಲ್ಲಿಯೇ ನಡೆದುಹೋಗುತ್ತದೆ. ಪರಿಣತರ ಮೇಲ್ವಿಚಾರಣೆಯಲ್ಲಿ ಪಾಠ ಮಾಡುವ ಪದ್ಧತಿ ಖಾಸಗಿ ಶಾಲೆಯ ತರಬೇತಿಯ ಕೇಂದ್ರಕ್ಕೆ ಬಂದುದು ಆಕಸ್ಮಿಕವಲ್ಲ.

೬. ಪ್ರಮಾಣಪತ್ರದ ಉದಯ

ಒಂದು ಶಾಲೆಯ ಒಳಗಿನ ಏರ್ಪಾಟು ಸಾರ್ವತ್ರಿಕ ಅರ್ಹತೆಯಾಗಲು ಹೊರಗಿನ ಸಂಸ್ಥೆಯ ಮುದ್ರೆ ಬೇಕಾಯಿತು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಇಂಥ ಪ್ರಾರಂಭಿಕ ತರಬೇತಿಗೆ ಪ್ರಮಾಣಪತ್ರವನ್ನು ಕೊಡತೊಡಗಿತು. ೧೯೮೮ರಲ್ಲಿ ಈ ಹೊಣೆ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪರೀಕ್ಷಾಮಂಡಲಿಗೆ ವರ್ಗವಾಯಿತು. ೧೯೯೬ರಲ್ಲಿ ಸೆಲ್ಟಾ ಎಂಬ ಈಗಿನ ಹೆಸರು ಬಂದಿತು. ವಯಸ್ಕರಿಗೆ ಇಂಗ್ಲಿಷ್ ಬೋಧಿಸುವ ಪ್ರಮಾಣಪತ್ರವೆಂದು ಆ ಹೆಸರಿನ ಅರ್ಥ.

ಇದರ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬಹುದು. ಶಿಕ್ಷಣದ ಒಟ್ಟು ಅವಧಿ ಸುಮಾರು ೧೨೦ ಗಂಟೆ. ಅಭ್ಯರ್ಥಿಯು ಕನಿಷ್ಠ ಎರಡು ಮಟ್ಟಗಳ ವಯಸ್ಕ ವಿದ್ಯಾರ್ಥಿಗಳಿಗೆ ೬ ಗಂಟೆಗಳ ಕಾಲ ಪಾಠ ಮಾಡಬೇಕು. ಅನುಭವಿಗಳ ಪಾಠಗಳನ್ನು ೬ ಗಂಟೆಗಳ ಕಾಲ ನೋಡಬೇಕು. ೪ ಲಿಖಿತ ಪ್ರಬಂಧಗಳನ್ನು ಒಪ್ಪಿಸಬೇಕು. ಲಿಖಿತ ಪರೀಕ್ಷೆಯಿಲ್ಲ, ಪಾಠಗಳನ್ನೂ ಪ್ರಬಂಧಗಳನ್ನೂ ಶಿಕ್ಷಕರು ನಿರಂತರವಾಗಿ ಪರಿಶೀಲಿಸಿ, ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಅದನ್ನು ಅನುಮೋದಿಸುತ್ತಾರೆ. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಅಂತರಜಾಲದ ಮೂಲಕವೇ ಇಡೀ ತರಬೇತಿಯನ್ನು ನಡೆಸುವ ಅನುಕೂಲವೂ ಏರ್ಪಟ್ಟಿತು. ಇದನ್ನು ಕೊಡುವ ಸಂಸ್ಥೆಯೇ ಇದನ್ನು ಪ್ರಾರಂಭಿಕ ಅರ್ಹತೆಯೆಂದು ಕರೆಯುತ್ತದೆ. ಅನುಭವಿಗಳಿಗೆ ಮೇಲಿನ ದರ್ಜೆಯ ಡಿಪ್ಲೊಮಾ ಬೇರೆಯೇ ಇದೆ. ಆದರೆ ಉದ್ಯೋಗದ ಪೇಟೆ ಅನೇಕ ವೇಳೆ ಪ್ರಾರಂಭವನ್ನೇ ಸಮಾಪ್ತಿಯೆಂದು ಎಣಿಸಿತು. ದೋಷ ಮೊದಲ ಮೆಟ್ಟಿಲಿನದಲ್ಲ, ಅಲ್ಲಿಯೇ ಮನೆ ಮಾಡಿಕೊಳ್ಳಲು ಬಿಟ್ಟವರದು.

೭. ಆನುಷಂಗಿಕವಾದ ಒಂದು ನಿಯಮ

ಈ ಚರಿತ್ರೆಯ ಅತ್ಯಂತ ಮುಖ್ಯವಾದ ಅಂಶವೆಂದು ಪ್ರಸ್ತುತ ಲೇಖಕನಿಗೆ ತೋರುವುದು ಇದು. ಕಾರ್ಡೋವಾದ ತರಗತಿಯಲ್ಲಿ ಕುಳಿತವರೆಲ್ಲರೂ ಸ್ಪೇನಿನವರು. ಅವರಿಗೆಲ್ಲ ಸಮಾನವಾದ ಒಂದು ಭಾಷೆಯಿತ್ತು. ಲಂಡನ್ನಿನ ತರಗತಿಯಲ್ಲಿಯಾದರೋ ಸ್ಪೇನ್, ಸ್ವೀಡನ್, ಇಟಲಿ, ಜಪಾನ್ ಮೊದಲಾದ ನಾಡುಗಳವರು ಒಟ್ಟಿಗೆ ಕುಳಿತಿರುತ್ತಾರೆ. ಇಂಗ್ಲಿಷನ್ನು ಬಿಟ್ಟು ಬೇರಾವ ಭಾಷೆಯಲ್ಲಿಯೂ ಅವರೆಲ್ಲರಿಗೆ ತಿಳಿಯಹೇಳುವುದು ಸಾಧ್ಯವಿಲ್ಲ. ಬೋಧಕರ ತರಬೇತಿ ಬೆಳೆದುದು ಲಂಡನ್ನಿನ ಇಂಥ ಮಿಶ್ರ ತರಗತಿಗಳಲ್ಲಿ. ಅಲ್ಲಿ ಅನಿವಾರ್ಯವಾಗಿದ್ದ ಏಕಭಾಷಾ ಪದ್ಧತಿಯನ್ನು ಕಲಿತ ತರುಣನು ಅದನ್ನೇ ಹೊತ್ತುಕೊಂಡು, ಎಲ್ಲರಿಗೂ ಒಂದೇ ತಾಯ್ನುಡಿಯಿರುವ ಕಾರ್ಡೋವಾಕ್ಕೋ ಅಂಕಾರಾಕ್ಕೋ ಹೋದನು. ಬರ್ಲಿಟ್ಜ್ ಶಾಲೆಯಲ್ಲಿ ಬೋಧಕನ ಅಜ್ಞಾನದಿಂದ ಹುಟ್ಟಿದ ನಿಯಮವೇ ಲಂಡನ್ನಿನಲ್ಲಿ ತರಗತಿಯ ಮಿಶ್ರತೆಯಿಂದ ಮತ್ತೊಮ್ಮೆ ಹುಟ್ಟಿತು. ಎರಡು ಸಲವೂ ಸಂದರ್ಭದ ಅನಿವಾರ್ಯತೆ ಬೋಧನೆಯ ತತ್ತ್ವವೆಂದು ಪರಿಗಣಿತವಾಯಿತು. ಇವೆರಡರ ನಡುವೆ ಪಾಮರ್ ಅನುವಾದಕ್ಕೆ ಕೊಟ್ಟಿದ್ದ ಸ್ಥಾನ ಮರೆಯಾಯಿತು.

ಶಾಲೆಗಳ ವಲಯದಲ್ಲಿಯೂ ಇದೇ ಭಾವನೆ ಬಲವಾಗಿತ್ತು. ೧೯೬೧ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ರಾಷ್ಟ್ರಗಳ ಇಂಗ್ಲಿಷ್ ಬೋಧನೆಯ ಸಮ್ಮೇಳನ ಜರುಗಿತು. ಅಲ್ಲಿ ವ್ಯಕ್ತವಾದ ಧೋರಣೆಗಳನ್ನು ರಾಬರ್ಟ್ ಫಿಲಿಪ್‌ಸನ್ ತಮ್ಮ ೧೯೯೨ರ ಗ್ರಂಥದಲ್ಲಿ ಐದು ಭ್ರಾಂತಿಗಳೆಂದು ಪರಿಶೀಲಿಸಿದ್ದಾರೆ. ಇಂಗ್ಲಿಷನ್ನು ಇಂಗ್ಲಿಷಿನ ಮೂಲಕವೇ ಕಲಿಸಬೇಕು, ತಾಯ್ನುಡಿಯವನೇ ಆದರ್ಶ ಬೋಧಕ ಎಂಬಿವು ಅವುಗಳಲ್ಲಿ ಮೊದಲ ಎರಡು. ಇವೆರಡೂ ಪರಸ್ಪರ ಆಧಾರವಾಗಿವೆಯೆಂಬುದನ್ನು ಗಮನಿಸಬೇಕು. ತರಗತಿಯಲ್ಲಿ ವಿದ್ಯಾರ್ಥಿಯ ಭಾಷೆಗೆ ಸ್ಥಾನವಿಲ್ಲವೆಂದು ಒಪ್ಪಿದ ಮೇಲೆ ಆ ಭಾಷೆಯನ್ನು ಬಲ್ಲ ಬೋಧಕನ ವಿಶೇಷ ಯೋಗ್ಯತೆಗೆ ಬೆಲೆಯೇ ಉಳಿಯುವುದಿಲ್ಲ. ದಕ್ಷಿಣ ಕೊರಿಯಾ ತನ್ನ ವಿದೇಶೀ ಭಾಷಾಬೋಧಕರ ವೀಸಾವನ್ನು ದೀರ್ಘಕಾಲ ಮುಖ್ಯವಾಗಿ ಇಂಗ್ಲಿಷ್ ಮಾತನಾಡುವ ಏಳು ದೇಶಗಳ ಪ್ರಜೆಗಳಿಗೆ ಮೀಸಲಿಟ್ಟುದು ಈ ಭಾವನೆಯ ಫಲವೇ. ಅಲ್ಲಿ ವಿಚಾರಿಸುತ್ತಿದ್ದುದು ಅಭ್ಯರ್ಥಿಯ ರಹದಾರಿಯನ್ನು. ಅವನು ಒಂದು ಪಾಠವನ್ನಾದರೂ ಸರಿಯಾಗಿ ಮಾಡಬಲ್ಲನೇ ಎಂಬುದು ಎರಡನೆಯ ಮಾತಾಗಿತ್ತು.

ಈ ಭಾವನೆಯ ವಿರುದ್ಧ ವೃತ್ತಿಯ ಒಳಗಿನಿಂದಲೇ ಪ್ರತಿಭಟನೆ ಬಂದಿತು. ಹಂಗೆರಿಯ ಪೀಟರ್ ಮೆಜೆಶ್ ೧೯೯೦ರ ದಶಕದಲ್ಲಿ, ಭಾಷೆಯನ್ನು ತಾನೇ ಕಷ್ಟಪಟ್ಟು ಕಲಿತ ಬೋಧಕನ ಅನುಕೂಲಗಳನ್ನು ವಿವರಿಸಿದರು: ಅವನು ದಾರಿಯ ತಿರುವುಗಳನ್ನು ಬಲ್ಲನು, ಎಲ್ಲಿ ಎಡವುವರೆಂಬುದನ್ನು ಮೊದಲೇ ಊಹಿಸಬಲ್ಲನು. ಅಮೆರಿಕದಲ್ಲಿ ೧೯೬೬ರಲ್ಲಿ ಸ್ಥಾಪಿತವಾದ ಇಂಗ್ಲಿಷ್ ಬೋಧಕರ ಸಂಘ ಟೆಸಾಲ್ ೨೦೦೬ರಲ್ಲಿ, ತಾಯ್ನುಡಿಯ ಆಧಾರದ ಮೇಲೆ ಬೋಧಕರಲ್ಲಿ ಭೇದವೆಣಿಸುವುದನ್ನು ಖಂಡಿಸುವ ಹೇಳಿಕೆಯನ್ನು ಹೊರಡಿಸಿತು. ಹಾರ್ನ್‌ಬಿ ಮೊದಲು ಸಂಪಾದಿಸಿದ ಪತ್ರಿಕೆಯಲ್ಲಿಯೇ ೨೦೦೩ರಲ್ಲಿ, ಒಂದು ತಿಂಗಳ ತರಬೇತಿಯನ್ನು ಮಾರ್ಪಡಿಸುವ ಕಾಲ ಬಂದಿದೆಯೇ ಎಂದು ಪ್ರಶ್ನಿಸುವ ಲೇಖನ ಪ್ರಕಟವಾಯಿತು.

೮. ನಮ್ಮ ಅ‍ನುಭವ ಮತ್ತು ಉಪಸಂಹಾರ

ನಮ್ಮ ದೇಶ ಹಿಡಿದ ದಾರಿ ಬೇರೆ. ೧೯೫೮ರಲ್ಲಿ ಹೈದರಾಬಾದಿನ ಕೇಂದ್ರ ಇಂಗ್ಲಿಷ್ ಸಂಸ್ಥೆಯೂ ೧೯೬೩ರಲ್ಲಿ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಸ್ಥಾಪಿತವಾದುವು. ಅವುಗಳ ಮುಖ್ಯ ಕಾಳಜಿ ಶಾಲೆಯ ಮಕ್ಕಳು, ತರಬೇತಿ ಪಡೆದವರು ಈ ನೆಲದ ಉಪಾಧ್ಯಾಯರು. ಅಂದರೆ ಬರ್ಲಿಟ್ಜ್ ಪರಂಪರೆಗಿಂತ ಪಾಮರನ ಪರಂಪರೆಗೆ ಅವು ಹತ್ತಿರವಾದುವು. ಬೆಂಗಳೂರಿನ ಸಂಸ್ಥೆಯ ಆಶ್ರಯದಲ್ಲಿ ಎನ್. ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರವರೆಗೆ ನಡೆಸಿದ ಪ್ರಯೋಗ ಜಗತ್ತಿನ ವಿದ್ವಾಂಸರ ಗಮನವನ್ನು ಸೆಳೆಯಿತು. ಅದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು ೧೯೯೦ರಲ್ಲಿ ಅವರು ಬರೆದ ಪ್ರಬಂಧ. ಎಲ್ಲ ಸಂದರ್ಭಗಳಿಗೂ ಶ್ರೇಷ್ಠವಾದ ಒಂದು ಪದ್ಧತಿಯಿಲ್ಲ. ಯಾವ ಪದ್ಧತಿಯೇ ಆಗಲಿ, ಕಲಿಕೆ ಹೇಗೆ ಜರುಗುತ್ತದೆಂಬ ಬಗ್ಗೆ ಬೋಧಕನಿಗೆ ಸ್ವಂತ ಮನವರಿಕೆಯಿಲ್ಲದಿದ್ದರೆ ಅದು ಯಾಂತ್ರಿಕವಾಗುತ್ತದೆ. ಆ ಮನವರಿಕೆಯಾದರೋ ಅನುಭವದೊಡನೆ ಬೆಳೆಯುತ್ತ, ಬದಲಾಗುತ್ತ ಹೋಗುವಂಥದು ಎಂಬುದು ಅದರ ತಾತ್ಪರ್ಯ. ಈ ದೃಷ್ಟಿಯಿಂದ ನೋಡಿದರೆ ತರಬೇತಿಯ ಅವಧಿ ನಾಲ್ಕು ವಾರವೋ ಎರಡು ವರ್ಷವೋ ಎಂಬುದಕ್ಕಿಂತ, ಅದು ಬೋಧಕನನ್ನು ಯೋಚಿಸುವಂತೆ ಮಾಡುತ್ತದೆಯೋ ಇಲ್ಲವೋ ಎಂಬುದು ಮುಖ್ಯವಾದ ಪ್ರಶ್ನೆ.

ಮೇಲ್ಕಂಡ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ನಾಲ್ಕು ವಾರಗಳ ತರಬೇತಿ ಹಣ, ಕಾಲ ಮತ್ತು ಬೇಡಿಕೆಗಳ ಒತ್ತಡದಿಂದ ರೂಪುಗೊಂಡುದು. ಅದರ ಅವಧಿಗೆ ಶಾಸ್ತ್ರದ ಆಧಾರವಿಲ್ಲ. ಎರಡನೆಯದಾಗಿ, ತಾಯ್ನುಡಿಯ ಬೋಧಕ ಮತ್ತು ಏಕಭಾಷಾ ತರಗತಿ ಎಂಬ ಎರಡು ನಿಯಮಗಳು ವಿಶೇಷ ಸಂದರ್ಭಗಳಲ್ಲಿ ಹುಟ್ಟಿ ಸಾರ್ವತ್ರಿಕ ಸತ್ಯಗಳೆಂದು ತಪ್ಪಾಗಿ ಭಾವಿಸಲ್ಪಟ್ಟುವು. ಬೆಲ್ಲೋವಿನ ಪುಸ್ತಕಗಳೂ ಮದರಾಸಿನ ಮುನ್ಷಿಗಳ ಸ್ಥಿತಿಯೂ ಇದಕ್ಕೆ ವಿರುದ್ಧವಾದ ಸಾಕ್ಷ್ಯಗಳು. ಮೂರನೆಯದಾಗಿ, ಇದೇ ಒತ್ತಡದಿಂದ ಒಂದು ಅಮೂಲ್ಯವಾದ ಅಂಶವೂ ಬೆಳೆದು ನಿಂತಿತು. ನಿಜವಾದ ವಿದ್ಯಾರ್ಥಿಗಳೆದುರಿನ ಪಾಠ, ಸಹೋದ್ಯೋಗಿಗಳ ಅವಲೋಕನ, ಕೂಡಲೇ ನಡೆಯುವ ವಿಮರ್ಶೆ ಎಂಬ ತ್ರಿವಿಧ ಕ್ರಮವೇ ಅದು.

ಈ ಮೂರನೆಯ ಅಂಶದ ಮುಂದೆ ಕಾಲೇಜು ಅಧ್ಯಾಪಕರಾದ ನಾವು ಒಂದು ಕ್ಷಣ ನಿಂತು ಯೋಚಿಸುವುದು ಒಳಿತು. ನಮ್ಮ ವಿದ್ಯಾರ್ಥಿಗಳೂ ವಯಸ್ಕರೇ. ಹಳ್ಳಿಯ ಕನ್ನಡ ಶಾಲೆಯಿಂದ ಬಂದು, ಪದವಿ ತರಗತಿಯಲ್ಲಿ ಇಂಗ್ಲಿಷ್ ಉಪನ್ಯಾಸದೆದುರು ಮೌನವಾಗಿ ಕುಳಿತ ತರುಣ ತರುಣಿಯರ ಮುಜುಗರ ಲಂಡನ್ನಿನ ಸಂಜೆ ತರಗತಿಯ ಪರದೇಶಿಯ ಮುಜುಗರಕ್ಕಿಂತ ಕಡಮೆಯದಲ್ಲ. ಅವರ ಭಾಷೆಯನ್ನು ನಾವು ಬಲ್ಲೆವು. ನಾವೂ ಅದೇ ದಾರಿಯಲ್ಲಿ ಬಂದವರು. ಹೊರನಾಡಿನ ಬೋಧಕನಿಗಿಲ್ಲದ ಈ ಬಂಡವಾಳ ನಮ್ಮ ಕೈಯಲ್ಲಿದೆ. ಆದರೆ ನಾಲ್ಕು ವಾರಗಳ ಆ ಉಪಾಧ್ಯಾಯನ ಪಾಠವನ್ನು ಆರು ಗಂಟೆಗಳ ಕಾಲವಾದರೂ ಬಲ್ಲವರು ಹಿಂದೆ ಕುಳಿತು ನೋಡಿ, ತಪ್ಪುಒಪ್ಪುಗಳನ್ನು ಅವನಿಗೆ ತಿಳಿಸಿರುತ್ತಾರೆ. ನಮ್ಮಲ್ಲಿ ಅನೇಕರು ಇಡೀ ಸೇವಾವಧಿಯನ್ನು ಮುಗಿಸಿ ನಿವೃತ್ತರಾದರೂ ಅಂಥ ಆರು ಗಂಟೆಗಳು ನಮಗೆ ದೊರೆತಿರುವುದಿಲ್ಲ. ಆ ಆರು ಗಂಟೆಗಳನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳಲು ಯಾವ ಹೊರಗಿನ ಪ್ರಮಾಣಪತ್ರವೂ ಬೇಕಾಗಿಲ್ಲ. ಪಕ್ಕದ ಕೊಠಡಿಯ ಸಹೋದ್ಯೋಗಿಯನ್ನು ಪಾಠಕ್ಕೆ ಕರೆಯುವ ಮನಸ್ಸಿದ್ದರೆ ಸಾಕು.